ಮಾನ್ಸಾ ಹೆಸರಲ್ಲ, ಬಿರುದು

ಪಶ್ಚಿಮ ಆಫ್ರಿಕಾದ ಹಳೆಯ ಸಾಮ್ರಾಜ್ಯಗಳಾದ ಮಾಲಿ, ಸೊಂಘಾಯ್ ಚರಿತ್ರೆಯ ಆಡಿಯೋಬುಕ್ ಕೇಳುವಾಗ ರಾಜರೆಲ್ಲ ಕಲಸಿಹೋಗುತ್ತಾರೆ ಅಂದಿದ್ದೀರಿ. ಬಿರುದುಗಳನ್ನೇ ಹೆಸರು ಅಂದುಕೊಂಡಿದ್ದೀರಿ ಅನ್ಸುತ್ತೆ. ಮಾನ್ಸಾ ಅಂದರೆ ಮಾಲಿಯಲ್ಲಿ ದೊರೆ. ಸೊಂಘಾಯ್‌ನ ಸುನ್ನಿ, ಆಸ್ಕಿಯಾ ಕೂಡ ಮನೆತನದ ಬಿರುದುಗಳೇ. ಇಲ್ಲಿ ಸುನ್ನಿ ಅಂದರೆ ಪಂಗಡ ಅಲ್ಲ.

ಮೊದಲು ನಕ್ಷೆಯಲ್ಲಿ ನೈಜರ್ ನದಿ ಹಿಡಿದು ಟಿಂಬಕ್ಟು, ಗಾವೊ ಪಟ್ಟಣಗಳು ಎಲ್ಲಿವೆ ನೋಡಿ. ಆಮೇಲೆ ಚೀಟಿಯಲ್ಲಿ ನಾಲ್ಕೇ ಸಾಲು ಬರೆಯಿರಿ: ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಡಿಯಾಟಾ, 1235ರ ಸುಮಾರು. ಮಾಲಿಯ ಮಾನ್ಸಾ ಮೂಸಾನ ಮೆಕ್ಕಾ ಯಾತ್ರೆ, 1324. ಸುನ್ನಿ ಅಲಿ ಟಿಂಬಕ್ಟು ಗೆದ್ದದ್ದು, 1468. ಸೊಂಘಾಯ್ ಮೇಲೆ ಮೊರಾಕೊ ದಾಳಿ, 1591. ನಾನು ಪಾತ್ರೆ ತೊಳೆಯುತ್ತಾ ಕೇಳುತ್ತೇನೆ, ಚೀಟಿ ನಲ್ಲಿಯ ಮೇಲಿನ ಗೋಡೆಗೆ ಅಂಟಿಸಿದ್ದೆ.

ವೇಗ ಜಾಸ್ತಿ ಇಟ್ಟಿದ್ದರೆ 1ಕ್ಕೆ ಇಳಿಸಿ, ಸುಂಡಿಯಾಟಾ ಭಾಗದಿಂದ ಮತ್ತೆ ಶುರು ಮಾಡಿ. ಗ್ರಿಯೋಗಳು, ಅಂದರೆ ಅಲ್ಲಿನ ಕಥೆಗಾರ-ಹಾಡುಗಾರರು, ತಲೆಮಾರುಗಳಿಂದ ಬಾಯಲ್ಲೇ ಉಳಿಸಿಕೊಂಡು ಬಂದ ಕಥೆ ಅದು, ಕಿವಿಗೆ ಹೇಳಿ ಮಾಡಿಸಿದ್ದು.