ಬಂಗಡೆಯ ಲೆಕ್ಕ

ಪ್ರಶ್ನೆ: ನಾನು ಬಿ.ಕಾಂ. ಅಂತಿಮ ವರ್ಷದ ವಿದ್ಯಾರ್ಥಿನಿ. ಕಾರವಾರದಲ್ಲಿ ನಮ್ಮದು ಮೀನೂಟದ ಖಾನಾವಳಿ. ಮುಂದೆ ಸಂಖ್ಯಾಶಾಸ್ತ್ರ ಮತ್ತು ಆಪರೇಷನ್ಸ್ ರಿಸರ್ಚ್ (ಗಣಿತದ ನೆರವಿನಿಂದ ಒಳ್ಳೆಯ ನಿರ್ಧಾರ ಹುಡುಕುವ ಶಾಸ್ತ್ರ) ಓದಿದರೆ ಇಂಥ ಸಣ್ಣ ವ್ಯಾಪಾರಕ್ಕೆ ಉಪಯೋಗವಾದೀತೇ?

ಉತ್ತರ: ಖಂಡಿತ ಆಗುತ್ತದೆ. ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ಬುಟ್ಟಿಯ ಮುಂದೆ ನಿಂತು, ಇವತ್ತಿಗೆ ಎಷ್ಟು ಬಂಗಡೆ ಬೇಕೆಂದು ನಿಮ್ಮ ಮನೆಯವರು ಯೋಚಿಸುತ್ತಾರಲ್ಲ, ಅದನ್ನೇ ಆಪರೇಷನ್ಸ್ ರಿಸರ್ಚ್ 'ಪತ್ರಿಕೆ ಮಾರುವವನ ಸಮಸ್ಯೆ' ಎಂಬ ಹೆಸರಿನಲ್ಲಿ ಕಲಿಸುತ್ತದೆ. ಒಂದು ಮೀನು ಮಾರಿದರೆ 30 ರೂಪಾಯಿ ಲಾಭ, ಉಳಿದುಹೋದರೆ 10 ರೂಪಾಯಿ ನಷ್ಟ ಎಂದಿಟ್ಟುಕೊಳ್ಳಿ. 30ನ್ನು ಎರಡರ ಮೊತ್ತವಾದ 40ರಿಂದ ಭಾಗಿಸಿದರೆ 0.75 ಬರುತ್ತದೆ, ಅಂದರೆ 100 ದಿನಗಳಲ್ಲಿ ಸುಮಾರು 75 ದಿನ ಎಲ್ಲ ಗಿರಾಕಿಗಳಿಗೂ ಸಾಲುವಷ್ಟು ಕೊಳ್ಳುವುದು ಸರಿಯಾದ ನಿರ್ಧಾರ.

ಆ 75 ದಿನಗಳಿಗೆ ಎಷ್ಟು ಮೀನು ಸಾಕೆಂಬ ಅಂದಾಜು ನಿಮ್ಮ ದಿನವಹಿಯಿಂದಲೇ ಸಿಗಬೇಕು, ಅದು ಸಂಖ್ಯಾಶಾಸ್ತ್ರದ ಕೆಲಸ. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಮಧ್ಯಾಹ್ನವೇ ಮೀನು ಮುಗಿದ ದಿನದ ಮಾರಾಟ ಆ ದಿನದ ಬೇಡಿಕೆಯಲ್ಲ, ಮರಳಿ ಹೋದವರು ಲೆಕ್ಕದಲ್ಲಿ ಇರುವುದಿಲ್ಲ. ಯಾಂತ್ರಿಕ ಮೀನುಗಾರಿಕೆ ನಿಂತಿರುವ ಜೂನ್, ಜುಲೈ ತಿಂಗಳುಗಳನ್ನೂ ಬೇರೆಯಾಗಿಯೇ ನೋಡಬೇಕು.

ಹಣ, ಸಾಮಗ್ರಿಗಳ ಮಿತಿಯೊಳಗೆ ಅತಿ ಹೆಚ್ಚು ಲಾಭ ಅಥವಾ ಅತಿ ಕಡಿಮೆ ವೆಚ್ಚದ ದಾರಿ ಹುಡುಕಲು ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನವನ್ನೂ ಮುಂದೆ ಕಲಿಯುತ್ತೀರಿ. ಅದಕ್ಕೆ ಮೊದಲು ಸಂಭವನೀಯತೆ ಮತ್ತು ಮ್ಯಾಟ್ರಿಕ್ಸ್ ಗಣಿತವನ್ನು ಗಟ್ಟಿ ಮಾಡಿಕೊಳ್ಳಿ, ಜೊತೆಗೆ ದಿನವೂ ಮೀನು ಮುಗಿದ ಹೊತ್ತನ್ನು ಬರೆದಿಡಿ.