ಒಂಬತ್ತು ದಿನದಲ್ಲಿ ಪ್ರದರ್ಶನ, ಆಯಿಲ್ ಪೇಂಟಿಂಗ್ ಇನ್ನೂ ಹಸಿ: ಉಳಿದದ್ದನ್ನು ಅಕ್ರಿಲಿಕ್‌ನಲ್ಲಿ ಮುಗಿಸಬಹುದೇ?

ದಯವಿಟ್ಟು ಬೇಡ. ನೀವು ಬರೆದಂತೆ ಕ್ಯಾನ್ವಾಸ್ 3×4 ಅಡಿ, ಚಿತ್ರ ಮಾರ್ಕೆಟ್ಟಿನಲ್ಲಿ ಹೂ ಕಟ್ಟುತ್ತ ಕೂತ ಹೆಂಗಸಿನದು. ಹಿನ್ನೆಲೆ ಮುಗಿದಿದೆ. ಮಲ್ಲಿಗೆ ರಾಶಿ ನಾಲ್ಕು ದಿನವಾದರೂ ಬೆರಳಿಗೆ ಅಂಟುತ್ತಿದೆ, ಮುಖ ಮೂರು ಸಲ ತಿದ್ದಿ ರಾಡಿಯಾಗಿದೆ, ಕೈ ಮತ್ತು ಸೀರೆ ಬಾಕಿ. ಅಕ್ರಿಲಿಕ್ ನೀರಿನಲ್ಲಿ ಕಲಸುವ, ಬೇಗ ಒಣಗುವ ಬಣ್ಣ ನಿಜ, ಆದರೆ ಆಯಿಲ್ ಮೇಲೆ ಹಚ್ಚಿದರೆ ಕಚ್ಚಿಕೊಳ್ಳುವುದಿಲ್ಲ, ಇವತ್ತಲ್ಲ ನಾಳೆ ಸಿಪ್ಪೆಯ ಹಾಗೆ ಏಳುತ್ತದೆ. ಕೆಳಗೆ ಅಕ್ರಿಲಿಕ್, ಮೇಲೆ ಆಯಿಲ್ ನಡೆಯುತ್ತದೆ, ತಿರುಗಿಸಿದರೆ ಕೆಡುತ್ತದೆ. ಆಯಿಲ್‌ನಲ್ಲೇ ಮುಗಿಸಿ, ಒಂಬತ್ತು ದಿನ ಸಾಕು. ಆದರೆ ಯಾವ ಭಾಗ ತಡವಾಗಿ ಒಣಗುತ್ತದೋ ಅದಕ್ಕೆ ಮೊದಲು ಕೈ ಹಾಕಬೇಕು.

ಆಯಿಲ್ ಬಣ್ಣ ನೀರಿನ ಹಾಗೆ ಆರಿ ಒಣಗುವುದಲ್ಲ. ಅದರೊಳಗಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹೇರ್ ಡ್ರೈಯರ್ ಹಿಡಿದರೆ, ಸುಡು ಬಿಸಿಲಿಗೆ ಇಟ್ಟರೆ, ಕಾಯಿಸಿದ ಹಾಲಿಗೆ ಕೆನೆ ಕಟ್ಟಿದಂತೆ ಮೇಲ್ಪದರ ಬಿಗಿದು, ಒಳಗೆ ಹಸಿ ಉಳಿದು, ಸುಕ್ಕು ಬೀಳುತ್ತದೆ. ಬೆಳಕಿರುವ ಕೋಣೆ, ತೆರೆದ ಕಿಟಕಿ, ನಿಧಾನಕ್ಕೆ ತಿರುಗುವ ಫ್ಯಾನ್, ಇಷ್ಟೇ ಬೇಕಾದದ್ದು. ಬಣ್ಣಗಳಲ್ಲೂ ಭೇದವಿದೆ. ಬರ್ನ್ಟ್ ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ತೆಳುವಾಗಿ ಹಚ್ಚಿದರೆ ಒಂದೆರಡು ದಿನಕ್ಕೇ ಒಣಗುತ್ತದೆ. ಟೈಟೇನಿಯಂ ವೈಟ್, ಐವರಿ ಬ್ಲ್ಯಾಕ್ ದಪ್ಪಗಿದ್ದರೆ ವಾರ ದಾಟಿದರೂ ಅಂಟು ಬಿಡುವುದಿಲ್ಲ. ನಿಮ್ಮ ಮಲ್ಲಿಗೆಗೆ ಆಗಿರುವುದು ಇದೇ.

ಇವತ್ತು ಬ್ರಷ್ ಮುಟ್ಟಬೇಡಿ. ಮಲ್ಲಿಗೆ ರಾಶಿಯ ಉಬ್ಬುಗಳನ್ನು ಪ್ಯಾಲೆಟ್ ನೈಫ್‌ನಿಂದ ಕೆರೆದು ತೆಗೆಯಿರಿ. ಮುಖದ ಹಸಿ ಬಣ್ಣದ ಮೇಲೆ ಹಳೆ ನ್ಯೂಸ್‌ಪೇಪರ್ ಹಾಸಿ, ಅಂಗೈಯಲ್ಲಿ ಮೆತ್ತಗೆ ಒತ್ತಿ, ಒಂದು ಮೂಲೆಯಿಂದ ಸುಲಿಯಿರಿ. ಹೆಚ್ಚಿನ ಬಣ್ಣ ಕಾಗದಕ್ಕೆ ಹೋಗಿ ಕಣ್ಣು, ಮೂಗಿನ ತೆಳು ನೆರಳಷ್ಟೇ ಕ್ಯಾನ್ವಾಸಿನಲ್ಲಿ ಉಳಿಯುತ್ತದೆ. ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಕಲಿಸುತ್ತಿದ್ದ ಹೆನ್ರಿ ಟಾಂಕ್ಸ್ ಹೆಸರಿನಿಂದ ಇದಕ್ಕೆ ಟಾಂಕಿಂಗ್ ಎನ್ನುತ್ತಾರೆ. ಮೂರು ಸಲ ತಿದ್ದಿದ ಮುಖಕ್ಕೆ ನಾಲ್ಕನೇ ಪದರ ಹಚ್ಚುವುದಕ್ಕಿಂತ ಇದು ಎಷ್ಟೋ ಮೇಲು.

ರಾಡಿಯಾಗುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ಕೆಳಗಿನ ಹಸಿ ಬಣ್ಣವನ್ನು ಬ್ರಷ್ ಎತ್ತಿಕೊಳ್ಳುವುದು, ನೆರಳಿಗೆ ಕಪ್ಪು, ಬೆಳಕಿಗೆ ಬಿಳಿ ಸುರಿಯುವುದು. ನಮ್ಮ ಎಣ್ಣೆಗಪ್ಪು ಚರ್ಮಕ್ಕೆ ಬಿಳಿ ಜಾಸ್ತಿಯಾದರೆ ಬೂದಿ ಬಳಿದಂತೆ ಕಾಣುತ್ತದೆ. ನೆರಳಿಗೆ ಬರ್ನ್ಟ್ ಸಿಯೆನ್ನಾ ಜೊತೆ ಸ್ವಲ್ಪ ಅಲ್ಟ್ರಾಮರೀನ್. ಬೆಳಕಿಗೆ ಯೆಲ್ಲೋ ಓಕರ್, ಚೂರು ಕ್ಯಾಡ್ಮಿಯಂ ರೆಡ್, ಚಿಟಿಕೆ ಬಿಳಿ. ಒಂದು ಮಿಶ್ರಣದಲ್ಲಿ ಮೂರಕ್ಕಿಂತ ಹೆಚ್ಚು ಬಣ್ಣ ಬೇಡ, ಒಂದು ಗೆರೆ ಎಳೆದ ಮೇಲೆ ಬ್ರಷ್ ಒರೆಸಿಕೊಳ್ಳಿ.

ಎರಡನೇ ದಿನ ಮುಖ ಮತ್ತು ಮಲ್ಲಿಗೆ. ಮಲ್ಲಿಗೆ ರಾಶಿಯನ್ನು ದಿಟ್ಟಿಸಿ ನೋಡಿ, ಅದರಲ್ಲಿ ಅಪ್ಪಟ ಬಿಳಿ ಬಹಳ ಕಮ್ಮಿ. ಮುಕ್ಕಾಲು ಪಾಲು ಹಸಿರು ಬೆರೆತ ಬೂದು, ತೊಟ್ಟಿನ ಹತ್ತಿರ ತಿಳಿ ಹಳದಿ. ಆ ಬೂದನ್ನು ತೆಳುವಾಗಿ ಹಚ್ಚಿ, ಬೆಳಕು ಬೀಳುವ ಹದಿನೈದಿಪ್ಪತ್ತು ಮೊಗ್ಗಿಗೆ ಮಾತ್ರ ಬಿಳಿ ಇಡಿ. ರಾಶಿ ಇನ್ನೂ ಬೆಳ್ಳಗೆ ಕಾಣುತ್ತದೆ, ಬೇಗ ಒಣಗುತ್ತದೆ ಕೂಡ.

ಮೂರು, ನಾಲ್ಕನೇ ದಿನ ಸೀರೆ, ಕೈ. ಇಲ್ಲಿಂದ ಬಣ್ಣಕ್ಕೆ ಲಿಕ್ವಿನ್‌ನಂಥ ಆಲ್ಕಿಡ್ ಮೀಡಿಯಂ, ಅಂದರೆ ಆಯಿಲ್ ಬಣ್ಣವನ್ನು ಬೇಗ ಒಣಗಿಸುವ ದ್ರವ, ಬೆರೆಸಿ, ಬಣ್ಣದ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ತೆಳು ಪದರ ಬಹುತೇಕ ಮರುದಿನಕ್ಕೇ ಒಣಗಿರುತ್ತದೆ. ಬೆರಳುಗಳ ಮೇಲೆ ಸಮಯ ಹಾಕಿ, ದಾರ ಹಿಡಿದ ಕೈ ಸರಿ ಬರದಿದ್ದರೆ ಈ ಚಿತ್ರ ನಿಲ್ಲುವುದಿಲ್ಲ. ಸೀರೆಯ ನೆರಿಗೆ ನಾಲ್ಕೈದು ದೊಡ್ಡ ಆಕಾರದಲ್ಲಿ ಮುಗಿಯಲಿ. ಬೇಗ ಒಣಗಲಿ ಎಂದು ಸೀಮೆಎಣ್ಣೆ ಬೆರೆಸುವವರಿದ್ದಾರೆ. ಅದು ಬ್ರಷ್ ತೊಳೆಯಲು ಸರಿ, ಬಣ್ಣಕ್ಕೆ ಸಲ್ಲದು.

ಐದನೇ ದಿನ ಪೂರ್ತಿ ಬಿಡಿ. ಆರು, ಏಳರಂದು ನೆರಳು ಗಾಢ ಮಾಡಿ, ಅಂಚು ತಿದ್ದಿ ನಿಲ್ಲಿಸಿ. ಕೊನೆಯ ಎರಡು ದಿನ ಒಣಗಲಿಕ್ಕೆ. ಅಲ್ಲಲ್ಲಿ ಮಂಕಾಗಿ ಕಂಡರೂ ವಾರ್ನಿಷ್ ಹಚ್ಚಬೇಡಿ, ಅದಕ್ಕೆ ಆರು ತಿಂಗಳಾದರೂ ಕಾಯಬೇಕು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು, ಬಿಡಿಸಿ ಒಣಹಾಕಿ. ಸಾಗಿಸುವಾಗ ಅದೇ ಅಳತೆಯ ಖಾಲಿ ಕ್ಯಾನ್ವಾಸನ್ನು ಎದುರುಬದುರು ಇಟ್ಟು, ನಾಲ್ಕು ಮೂಲೆಗೂ ಬಾಟಲಿಯ ಕಾರ್ಕ್ ಕೊಟ್ಟು ದಾರದಲ್ಲಿ ಬಿಗಿಯಿರಿ. ಹಸಿ ಇದ್ದರೂ ಬಣ್ಣಕ್ಕೆ ಏನೂ ತಗಲುವುದಿಲ್ಲ.