ಬ್ಯಾಂಕ್ ಕ್ಲರ್ಕ್‌ಗೆ ಕೈಗೆ ಬರೋದು ಎಷ್ಟು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಬಿ.ಕಾಂ ಮುಗಿದಿದೆ. ಬೆಂಗಳೂರಿನ ಒಂದು ಕಂಪನಿಯವರು ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ತಿಂಗಳಿಗೆ 18,000 ಕೊಡ್ತೀವಿ ಅಂದಿದ್ದಾರೆ. ಅಪ್ಪ ಮಾತ್ರ ಅದನ್ನು ಬಿಟ್ಟು ಮನೆಯಲ್ಲೇ ಕೂತು ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದು ಅನ್ನುತ್ತಿದ್ದಾರೆ. ಕ್ಲರ್ಕ್ ಸಂಬಳ ಎಷ್ಟು ಅಂತ ಕೇಳಿದರೆ ಒಬ್ಬರು 24 ಸಾವಿರ ಅಂತಾರೆ, ಇನ್ನೊಬ್ಬರು 46 ಸಾವಿರ ಅಂತಾರೆ. ಯಾರನ್ನು ನಂಬೋದು?

ಇಬ್ಬರನ್ನೂ ನಂಬಬಹುದು. ಒಬ್ಬರು ಬೇಸಿಕ್, ಅಂದರೆ ಭತ್ಯೆಗಳು ಸೇರುವ ಮೊದಲಿನ ಮೂಲ ವೇತನ ಹೇಳುತ್ತಿದ್ದಾರೆ, ಇನ್ನೊಬ್ಬರು ಮಹಾನಗರದ ಒಟ್ಟು ಸಂಬಳ ಹೇಳುತ್ತಿದ್ದಾರೆ. ನಿಮ್ಮ ಖಾತೆಗೆ ಬೀಳೋದು ಈ ಎರಡೂ ಅಲ್ಲ.

ನಾನು 2017ರಲ್ಲಿ ಸರ್ಕಾರಿ ಬ್ಯಾಂಕೊಂದಕ್ಕೆ ಕ್ಲರ್ಕ್ ಆಗಿ ಸೇರಿದೆ. ಈಗಲೂ ಕೌಂಟರ್‌ನಲ್ಲೇ ಇದ್ದೇನೆ. ಕಾಗದದ ಮೇಲೆ ನಮ್ಮ ಹೆಸರು ಈಗ 'ಕಸ್ಟಮರ್ ಸರ್ವೀಸ್ ಅಸೋಸಿಯೇಟ್'. ಸ್ಟೇಟ್ ಬ್ಯಾಂಕಿನಲ್ಲಾದರೆ 'ಜೂನಿಯರ್ ಅಸೋಸಿಯೇಟ್'. ಹೆಸರು ಏನೇ ಇರಲಿ, ಗ್ರಾಹಕರಿಗೆ ನಾವು 'ಪಾಸ್‌ಬುಕ್ ಎಂಟ್ರಿ ಮಾಡೋರು'.

ನಮ್ಮ ಸಂಬಳವನ್ನು ಯಾವ ಮ್ಯಾನೇಜರೂ ತೀರ್ಮಾನ ಮಾಡುವುದಿಲ್ಲ. ಬ್ಯಾಂಕುಗಳ ಪರವಾಗಿ ಅವುಗಳ ಸಂಘವಾದ ಐಬಿಎ, ನೌಕರರ ಪರವಾಗಿ ಯೂನಿಯನ್‌ಗಳು ಕೂತು ಐದು ವರ್ಷಕ್ಕೊಮ್ಮೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಅದಕ್ಕೆ ದ್ವಿಪಕ್ಷೀಯ ಒಪ್ಪಂದ ಅಂತ ಹೆಸರು. ಸದ್ಯ ನಡೀತಿರೋದು 12ನೆಯದು. ಸಹಿ ಬಿದ್ದದ್ದು 2024ರ ಮಾರ್ಚ್ 8ರಂದು, ಆದರೆ ಲೆಕ್ಕ ಶುರುವಾಗೋದು 2022ರ ನವೆಂಬರ್ 1ರಿಂದ. ಅದರ ಪ್ರಕಾರ ಕ್ಲರ್ಕ್ ಸ್ಕೇಲ್ 24,050ಕ್ಕೆ ಶುರುವಾಗಿ 64,480ಕ್ಕೆ ಮುಗಿಯುತ್ತದೆ. ಇದು ಬರೀ ಬೇಸಿಕ್. ಡಿಗ್ರಿ ಆದವರಿಗೆ ಎರಡು ಇನ್‌ಕ್ರಿಮೆಂಟ್ ಸೇರುತ್ತದೆ, ಒಂದೊಂದು 1,340. ಅಲ್ಲಿಗೆ ನಿಮ್ಮ ಬೇಸಿಕ್ 26,730. ಕ್ಲರ್ಕ್ ಕೆಲಸಕ್ಕೆ ಈಗ ಡಿಗ್ರಿ ಇರಲೇಬೇಕು. ಹಾಗಾಗಿ 24,050 ಅನ್ನೋದು ಹೊಸಬರಿಗೆ ಹೆಚ್ಚುಕಡಿಮೆ ಕಾಗದದ ಮೇಲಿನ ಸಂಖ್ಯೆ.

ಇನ್ನು ಇದರ ಮೇಲೆ ಸೇರೋದನ್ನು ನೋಡಿ. ಬೇಸಿಕ್‌ನ 26.5% ಸ್ಪೆಷಲ್ ಅಲೋವೆನ್ಸ್, ಅಂದರೆ 7,083. ಆಮೇಲೆ ಡಿಎ, ಅಂದರೆ ತುಟ್ಟಿಭತ್ಯೆ. ಇದು ಬೆಲೆ ಸೂಚ್ಯಂಕಕ್ಕೆ ಅಂಟಿಕೊಂಡಿರೋದು, ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಲೆಕ್ಕ ಸುಲಭವಾಗಲಿ ಅಂತ 20% ಇಟ್ಟುಕೊಳ್ಳೋಣ. ಬೇಸಿಕ್ ಮತ್ತು ಸ್ಪೆಷಲ್ ಅಲೋವೆನ್ಸ್ ಎರಡರ ಮೇಲೂ ಡಿಎ ಬರುತ್ತದೆ, ಹಾಗಾಗಿ 6,763. ಮನೆ ಬಾಡಿಗೆ ಭತ್ಯೆ 10.25%, ಅಂದರೆ 2,740. ಓಡಾಟದ ಭತ್ಯೆ ಎಂಟುನೂರ ಚಿಲ್ಲರೆ. ಎಲ್ಲ ಕೂಡಿದರೆ 44 ಸಾವಿರದ ಹತ್ತಿರ. ಸ್ಟೇಟ್ ಬ್ಯಾಂಕ್ ತನ್ನ ನೇಮಕಾತಿ ಜಾಹೀರಾತಿನಲ್ಲಿ ಮುಂಬೈಯಂಥ ಮಹಾನಗರಕ್ಕೆ ಸುಮಾರು 46,000 ಅಂತ ಹಾಕಿತ್ತು. ನಿಮ್ಮ ಎರಡನೇ ಸ್ನೇಹಿತರಿಗೆ ಆ ಸಂಖ್ಯೆ ಸಿಕ್ಕಿದ್ದು ಅಲ್ಲಿಂದಲೇ ಇರಬೇಕು.

ಈಗ ಕಡಿತ. 2010ರ ಏಪ್ರಿಲ್ ನಂತರ ಸೇರಿದ ನಮ್ಮಂಥವರಿಗೆ ಹಳೇ ಪಿಂಚಣಿ ಇಲ್ಲ, ನಾವೂ ಬ್ಯಾಂಕೂ ತಿಂಗಳು ತಿಂಗಳು ದುಡ್ಡು ಹಾಕುವ ಎನ್‌ಪಿಎಸ್ ಪಿಂಚಣಿ. ಬೇಸಿಕ್ ಮತ್ತು ಡಿಎ ಕೂಡಿಸಿ ಅದರ 10% ನಮ್ಮಿಂದ ಹೋಗುತ್ತದೆ, ಅದು ಸುಮಾರು 3,350. ಬ್ಯಾಂಕು ತನ್ನ ಕಡೆಯಿಂದ 14% ಹಾಕುತ್ತದೆ, ಅದು ಸ್ಲಿಪ್ಪಿನಲ್ಲಿ ಕಂಡರೂ ಕೈಗೆ ಬರುವುದಿಲ್ಲ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಯೂನಿಯನ್ ಚಂದಾ ಚಿಲ್ಲರೆ ದುಡ್ಡು. ಹೊಸ ಪದ್ಧತಿಯಲ್ಲಿ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಹೊಸ ಕ್ಲರ್ಕ್‌ಗೆ ಅದರ ಚಿಂತೆ ಬೇಡ. ಕೊನೆಗೆ ಕೈಗೆ ಬರೋದು 40 ಸಾವಿರದ ಆಸುಪಾಸು. ನಿಮ್ಮ ಅಪ್ಪನಿಗೆ ಹೇಳಬೇಕಾದ ಸಂಖ್ಯೆ ಇದೇ.

ಈಗ ನಿಮಗೆ ಬಂದಿರುವ 18,000ಕ್ಕೆ ಬರೋಣ. ಮೊದಲು ಕೇಳಿಕೊಳ್ಳಿ, ಅದು ಗ್ರಾಸ್ ಸಂಬಳವಾ (ಕಡಿತಕ್ಕೆ ಮುಂಚಿನದು) ಅಥವಾ ಸಿಟಿಸಿನಾ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂತ. ಎಷ್ಟೋ ಜನ ಕೇಳುವುದೇ ಇಲ್ಲ, ನನ್ನ ತಮ್ಮನೂ ಕೇಳಿರಲಿಲ್ಲ. ಗ್ರಾಸ್ ಆಗಿದ್ದರೆ, ಪಿಎಫ್ 15,000ದ ಮೇಲೆ 12% ಹಿಡಿದರೆ 1,800 ಹೋಗುತ್ತದೆ. ಸಂಬಳ 21,000ದ ಒಳಗಿರುವುದರಿಂದ ಇಎಸ್‌ಐ 0.75%, ಅಂದರೆ 135. ಕೈಗೆ 16,000. ಸಿಟಿಸಿ ಆಗಿದ್ದರೆ ಕಂಪನಿ ಕಟ್ಟಬೇಕಾದ ಪಿಎಫ್, ಇಎಸ್‌ಐ ಕೂಡ ಅದೇ 18,000ದ ಒಳಗೇ ಸೇರಿರುತ್ತದೆ. ಆಗ 14,000 ಮುಟ್ಟಿದರೆ ಪುಣ್ಯ. ಪೀಜಿ ಬಾಡಿಗೆ, ಮೆಟ್ರೋ, ಊಟ ಎಲ್ಲ ಕಳೆದರೆ ಊರಿಗೆ ಕಳಿಸೋಕೆ ಏನು ಉಳಿಯುತ್ತೆ ಅಂತ ನೀವೇ ಲೆಕ್ಕ ಹಾಕಿ.

ಹಾಗಂತ ಖಾಸಗಿ ಕೆಲಸ ದಂಡ ಅಂತ ನಾನು ಹೇಳುವುದಿಲ್ಲ. ತಮ್ಮ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ 14,000ಕ್ಕೆ ಸೇರಿದ. ಮೊದಲ ಎರಡು ವರ್ಷ ಟ್ಯಾಲಿಯಲ್ಲಿ ವೋಚರ್ ಹಾಕಿದ್ದೇ ಹಾಕಿದ್ದು, ಸಂಬಳ ಏರಿದ್ದು ಬರೀ ಒಂದು ಸಾವಿರ. ಆಮೇಲೆ ಅಲ್ಲಿನ ಹಿರಿಯ ಅಕೌಂಟೆಂಟ್ ಕೆಲಸ ಬಿಟ್ಟರು. 11ನೇ ತಾರೀಕಿನ ಜಿಎಸ್‌ಟಿಆರ್-1, 20ರ 3ಬಿ ಅನ್ನೋ ಜಿಎಸ್‌ಟಿ ರಿಟರ್ನ್‌ಗಳು, 7ರೊಳಗೆ ಕಟ್ಟುವ ಟಿಡಿಎಸ್ ತೆರಿಗೆ ಎಲ್ಲ ಇವನ ತಲೆಗೆ ಬಿತ್ತು. ಬೈದುಕೊಂಡೇ ಕಲಿತ. ಕಲಿತ ಮೇಲೆ ಬೇರೆ ಕಂಪನಿಗೆ ಹೋದ, ಸಂಬಳ ಹತ್ತಿರಹತ್ತಿರ ಎರಡರಷ್ಟಾಯಿತು. ಖಾಸಗಿಯಲ್ಲಿ ವೋಚರ್ ಹಾಕುವವರಿಗೆ ಒಂದು ರೇಟು, ರಿಟರ್ನ್ ಫೈಲ್ ಮಾಡಿ ಆಡಿಟರ್ ಮುಂದೆ ಕೂತು ಉತ್ತರ ಕೊಡುವವರಿಗೆ ಇನ್ನೊಂದು ರೇಟು. ಆದರೆ ಪ್ರತಿ ಸಲ ಸಂಬಳ ಏರಬೇಕಾದರೆ ಅವನು ಕೇಳಬೇಕು, ಇಲ್ಲಾ ಕಂಪನಿ ಬಿಡಬೇಕು. ನನಗೆ ಈ ಎಂಟೊಂಬತ್ತು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟು ಕೇಳುವ ಪ್ರಸಂಗ ಬಂದಿಲ್ಲ. ನಾನು ಸಂಕೋಚದ ಮನುಷ್ಯ, ನನಗೆ ಇದೇ ದೊಡ್ಡ ವಿಷಯ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಸೇರಿದಾಗ ನಡೀತಿದ್ದದ್ದು 10ನೇ ಒಪ್ಪಂದ. ಆಗ ಬೇಸಿಕ್ ಶುರುವಾಗುತ್ತಿದ್ದದ್ದು 11,765ಕ್ಕೆ. ಡಿಗ್ರಿಯ ಎರಡು ಇನ್‌ಕ್ರಿಮೆಂಟ್ ಸೇರಿ 13,075. ಮೊದಲ ತಿಂಗಳು ಕೈಗೆ ಬಂದದ್ದು 20 ಸಾವಿರದ ಹತ್ತಿರ. ಎಂಜಿನಿಯರಿಂಗ್ ಓದಿದ ಗೆಳೆಯರ ಮುಂದೆ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತಿತ್ತು. ಸೇರಿದ ಕೆಲವೇ ತಿಂಗಳಿಗೆ ಒಪ್ಪಂದದ ಅವಧಿ ಮುಗಿಯಿತು. ಹೊಸದು ಇವತ್ತು ಆಗುತ್ತೆ, ನಾಳೆ ಆಗುತ್ತೆ ಅಂತ ಮೂರು ವರ್ಷ ಕಾದೆವು. 11ನೇ ಒಪ್ಪಂದಕ್ಕೆ ಸಹಿ ಬಿದ್ದದ್ದು 2020ರ ನವೆಂಬರ್ 11ರಂದು, ಅದೂ 2017ರ ನವೆಂಬರ್‌ನಿಂದ ಅನ್ವಯ ಆಗುವ ಹಾಗೆ. ಮೂರು ವರ್ಷದ ಅರಿಯರ್ಸ್, ಅಂದರೆ ಹಿಂಬಾಕಿ, ಒಂದೇ ಏಟಿಗೆ ಬಂತು. ಊರಿನ ಮನೆಗೆ ಹೆಂಚು ಹೊದಿಸಿದ್ದು ಆ ದುಡ್ಡಿನಲ್ಲೇ. ಬ್ಯಾಂಕ್ ನೌಕರರ ಮನೆಗಳಲ್ಲಿ ಮನೆ ರಿಪೇರಿ, ಮದುವೆ, ಬೈಕು ಇವೆಲ್ಲ ಅರಿಯರ್ಸ್ ವರ್ಷದಲ್ಲೇ ಜಾಸ್ತಿ ಆಗೋದು ಸುಮ್ನೆ ಅಲ್ಲ. ಈಗಿನ ಒಪ್ಪಂದ 2027ರ ಅಕ್ಟೋಬರ್ ಕೊನೆಯವರೆಗೆ. ಮುಂದಿನದು ತಡವಾದರೂ ಅರಿಯರ್ಸ್ ಜೊತೆಗೆ ಬರುತ್ತದೆ.

ಒಪ್ಪಂದ ಬಿಟ್ಟರೆ ವರ್ಷಕ್ಕೊಂದು ಇನ್‌ಕ್ರಿಮೆಂಟ್ ತಾನಾಗೇ ಬೀಳುತ್ತದೆ. ಐಐಬಿಎಫ್ ಸಂಸ್ಥೆ ಬ್ಯಾಂಕ್ ನೌಕರರಿಗೆ ನಡೆಸುವ ಜೆಎಐಐಬಿ ಪರೀಕ್ಷೆಯ ನಾಲ್ಕು ಪೇಪರ್ ಪಾಸಾದರೆ ಹೆಚ್ಚುವರಿ ಇನ್‌ಕ್ರಿಮೆಂಟ್, ಅದರ ಮುಂದಿನ ಹಂತದ ಸಿಎಐಐಬಿ ಆದರೆ ಮತ್ತೂ ಇದೆ. ಸೇರಿದ ಮೊದಲೆರಡು ವರ್ಷದಲ್ಲೇ ಬರೆದುಬಿಡಿ. ನಾನು 'ಆಮೇಲೆ ನೋಡೋಣ' ಅಂತ ನಾಲ್ಕು ವರ್ಷ ತಳ್ಳಿದೆ, ಅಷ್ಟೂ ವರ್ಷ ಪ್ರತಿ ತಿಂಗಳು ಆ ದುಡ್ಡು ಬಿಟ್ಟುಕೊಟ್ಟಂತಾಯಿತು. ಪ್ರಮೋಷನ್ ತಗೊಂಡು ಆಫೀಸರ್ ಆದರೆ ಬೇಸಿಕ್ ಶುರುವಾಗೋದೇ 48,480ಕ್ಕೆ. ನಾನು ಇನ್ನೂ ತಗೊಂಡಿಲ್ಲ. ಆಫೀಸರ್ ಆದವರನ್ನು ದೇಶದ ಯಾವ ಮೂಲೆಗೆ ಬೇಕಾದರೂ ಹಾಕಬಹುದು. ಕ್ಲರ್ಕ್ ನೇಮಕಾತಿ ರಾಜ್ಯವಾರು ನಡೆಯುತ್ತದೆ, ವರ್ಗಾವಣೆಯೂ ಸಾಮಾನ್ಯವಾಗಿ ರಾಜ್ಯದ ಒಳಗೇ. ಅಮ್ಮ ಒಬ್ಬರೇ ಇರುವ ಮನೆಗೆ ಇದು ಸಂಬಳಕ್ಕಿಂತ ಮುಖ್ಯ ಅನ್ನಿಸಿತು.

ಸ್ಲಿಪ್ಪಿನಲ್ಲಿ ಕಾಣದೇ ಇರೋದು ಎರಡಿವೆ. ಒಂದು ಸಿಹಿ. ಮನೆ ಸಾಲ, ವಾಹನ ಸಾಲ ಸಿಬ್ಬಂದಿಗೆ ಕಡಿಮೆ ಬಡ್ಡಿಗೆ ಸಿಗುತ್ತದೆ. ಮನೆ ಕಟ್ಟುವ ಯೋಚನೆ ಇದ್ದರೆ ಇಪ್ಪತ್ತು ವರ್ಷದಲ್ಲಿ ಉಳಿಯೋದು ಲಕ್ಷಗಳಲ್ಲಿ.

ಇನ್ನೊಂದನ್ನು ಕೋಚಿಂಗ್‌ನವರು ಹೇಳೋದಿಲ್ಲ. ಕ್ಯಾಷ್ ಕೌಂಟರ್‌ನಲ್ಲಿ ಕೂತ ದಿನ ದುಡ್ಡು ಕಡಿಮೆ ಬಿದ್ದರೆ ಕೈಯಿಂದ ಹಾಕಬೇಕು. ನಾನು ಸೇರಿದ ವರ್ಷವೇ, ಒಂದು ಸೋಮವಾರ, ಸಂತೆ ದಿನ ಬೇರೆ. ಮಧ್ಯಾಹ್ನದ ಊಟಕ್ಕೂ ಏಳದಷ್ಟು ಸಾಲು. ಸಂಜೆ ಕ್ಯಾಷ್ ಮುಚ್ಚುವಾಗ 4,500 ಶಾರ್ಟೇಜ್. 500ರ ಒಂಬತ್ತು ನೋಟು. ಚಲನ್ ಎಲ್ಲ ಮತ್ತೆ ತಿರುವಿದೆವು, ಕಟ್ಟು ಬಿಚ್ಚಿ ಎಣಿಸಿದೆವು, ರಾತ್ರಿ ಎಂಟರವರೆಗೆ ಕ್ಯಾಮೆರಾ ನೋಡಿದೆವು. ಸಿಗಲಿಲ್ಲ. ನನ್ನ ಖಾತೆಯಿಂದಲೇ ತೆಗೆದು ಹಾಕಿ ಲೆಕ್ಕ ಮುಚ್ಚಿದೆ. ಆ ತಿಂಗಳ ಕಾಲು ಭಾಗ ಸಂಬಳ ಹೋದ ಹಾಗಾಯಿತು. ಜಾಸ್ತಿ ಬಂದರೆ ನಮಗೆ ಅಂತೇನಿಲ್ಲ, ಅದು ಬ್ಯಾಂಕಿನ ಖಾತೆಗೆ ಹೋಗುತ್ತದೆ. ಈಗ ನಾನು ಯಾರು ಎಷ್ಟೇ ಗದರಿದರೂ ದೊಡ್ಡ ಕಟ್ಟನ್ನು ಎರಡು ಸಲ ಎಣಿಸದೆ ಕೊಡುವುದಿಲ್ಲ. 'ಬ್ಯಾಂಕಿನೋರು ನಿಧಾನ' ಅನ್ನುವವರು ಈ 4,500ರ ಕಥೆ ಕೇಳಬೇಕು.

ಕೆಲಸದ ಹೊತ್ತಿನ ಬಗ್ಗೆಯೂ ಭ್ರಮೆ ಬೇಡ. 2015ರ ಸೆಪ್ಟೆಂಬರ್‌ನಿಂದ ಎರಡನೇ, ನಾಲ್ಕನೇ ಶನಿವಾರ ರಜೆ ಇದೆ, ನಿಜ. ಆದರೆ ವಿಮೆ ಮಾರಿಸು, ಹೊಸ ಖಾತೆ ತೆರೆಸು ಅನ್ನುವ ಒತ್ತಡ ಈಗ ಕ್ಲರ್ಕ್‌ಗೂ ಇದೆ.

ಹೋಲಿಕೆಗೆ ಇನ್ನೊಂದು ದಾರಿ. ಗುಮಾಸ್ತೆ ಕೆಲಸವೇ ಆದರೂ ರಾಜ್ಯ ಸರ್ಕಾರದಲ್ಲಿ, ಖಜಾನೆ ಇಲಾಖೆಯಂಥ ಕಡೆ, 7ನೇ ವೇತನ ಆಯೋಗದ ನಂತರ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಬೇಸಿಕ್ 34,100, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) 44,425. ಬೇಸಿಕ್ ಮಟ್ಟಿಗೆ ಬ್ಯಾಂಕಿಗಿಂತ ಜಾಸ್ತಿಯೇ. ಆದರೆ ಆ ನೇಮಕಾತಿ ಯಾವಾಗ ಬರುತ್ತೆ ಅಂತ ಕಾಯೋದೇ ಒಂದು ಉದ್ಯೋಗ. ಬ್ಯಾಂಕ್ ಪರೀಕ್ಷೆ, ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಕಡೆಯಿಂದ ವರ್ಷ ವರ್ಷ ಬರುತ್ತದೆ. ಕ್ಲರ್ಕ್‌ಗೆ ಸಂದರ್ಶನ ಇಲ್ಲ. ವಯಸ್ಸು 20ರಿಂದ 28, ಒಬಿಸಿಗೆ ಮೂರು ವರ್ಷ, ಎಸ್‌ಸಿ, ಎಸ್‌ಟಿಗೆ ಐದು ವರ್ಷ ರಿಯಾಯಿತಿ. ಇಂಗ್ಲಿಷ್ ಪತ್ರಿಕೆ ಬಿಟ್ಟು ಉಳಿದದ್ದನ್ನು ಕನ್ನಡದಲ್ಲೂ ಬರೆಯಬಹುದು. ಕರ್ನಾಟಕದ ಹುದ್ದೆಗೆ ಕನ್ನಡ ಗೊತ್ತಿರಲೇಬೇಕು, ಅದಕ್ಕೊಂದು ಪರೀಕ್ಷೆಯೂ ಇದೆ. ಗ್ರಾಮೀಣ ಬ್ಯಾಂಕನ್ನೂ ಮರೀಬೇಡಿ. ಅಲ್ಲಿನ ಆಫೀಸ್ ಅಸಿಸ್ಟೆಂಟ್ ಸ್ಕೇಲೂ ನಮ್ಮದೇ.

ಕೊನೆಗೆ ನೀವು ಕೇಳಿದ್ದು, ಈಗ ಏನು ಮಾಡಲಿ ಅಂತ. ಮನೆಯಲ್ಲಿ ಕೂತು ಓದುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂದು ವರ್ಷ ಅಂತ ಕೂತವರು ಮೂರು ವರ್ಷ ಕೂತದ್ದನ್ನು ನೋಡಿದ್ದೇನೆ. 18,000ದ ಕೆಲಸಕ್ಕೆ ಸೇರಿ, ಬೆಳಿಗ್ಗೆ ಎರಡು ಗಂಟೆ ಓದಿ. ಪರೀಕ್ಷೆಯಲ್ಲಿ ಮುಖ್ಯವಾಗಿ ಬರೋದು ಲೆಕ್ಕ, ರೀಸನಿಂಗ್, ಇಂಗ್ಲಿಷ್. ಬಿ.ಕಾಂ ಆದವರಿಗೆ ಅಭ್ಯಾಸ ಬೇಕು ಅಷ್ಟೇ. ಆದರೆ ಕಂಪನಿಗೆ ಸಹಿ ಹಾಕುವ ಮೊದಲು ಆಫರ್ ಲೆಟರ್‌ನಲ್ಲಿ ನೋಟಿಸ್ ಅವಧಿ ಎಷ್ಟು, ಬಾಂಡ್ ಏನಾದರೂ ಇದೆಯಾ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರಾ, ಇದಿಷ್ಟನ್ನು ನೋಡಿ. ಬ್ಯಾಂಕಿಗೆ ಸೇರುವ ದಿನ ಹಳೇ ಕಂಪನಿಯ ರಿಲೀವಿಂಗ್ ಲೆಟರ್ ಕೇಳುತ್ತಾರೆ. ನಮ್ಮ ಬ್ಯಾಚ್‌ನಲ್ಲಿ ಒಬ್ಬ ಹುಡುಗ ಆ ಒಂದು ಕಾಗದಕ್ಕೆ ಹದಿನೈದು ದಿನ ಅಲೆದ.